ಹುಟ್ಟಿ ಉಳಿಯದ ಮಗುವಿನ ಫೋಟೋ: ಉಡುಪಿ, ಮಂಗಳೂರಿನಲ್ಲಿ ಯಾರಾದರೂ ಜೊತೆ ಸೇರುತ್ತೀರಾ?

ಕಲ್ಯಾಣಪುರದ ಫೋಟೋಗ್ರಾಫರ್

ಎಲ್ಲರಿಗೂ ನಮಸ್ಕಾರ. 14 ವರ್ಷದಿಂದ ಫೋಟೋ ತೆಗೆಯುವುದೇ ನನ್ನ ಕೆಲಸ. ಮದುವೆ, ಮೆಹಂದಿ, ಸೀಮಂತ, ತೊಟ್ಟಿಲು ಹಾಕುವುದು, ದೈವದ ನೇಮ, ಎಲ್ಲ.

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ದಿನ ಬೆಳಿಗ್ಗೆ ಫೋನ್ ಬಂತು. ಆಟಿಯಲ್ಲಿ ಮದುವೆ ಇಲ್ಲವಲ್ಲ, ನಾನು ಮನೆಯಲ್ಲೇ ಇದ್ದೆ. ಎರಡು ತಿಂಗಳ ಹಿಂದೆ ಆ ಮನೆಯ ಸೀಮಂತದ ಫೋಟೋ ತೆಗೆದಿದ್ದೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಆ ಆಲ್ಬಂ ಇನ್ನೂ ಪ್ರಿಂಟಿಗೆ ಹೋಗಿರಲಿಲ್ಲ. ಫೋನಿನಲ್ಲಿ ಗಂಡ. "ಅಣ್ಣ, ಮಗು ಹೊಟ್ಟೆಯಲ್ಲೇ ಹೋಯ್ತು. ಅವಳಿಗೆ ಆಪರೇಷನ್ ಆಗಿ ಎಚ್ಚರ ಇಲ್ಲ. ಮನೆಯವರು ಮಧ್ಯಾಹ್ನದೊಳಗೆ ಮಣ್ಣು ಮಾಡ್ಬೇಕು ಅಂತಿದ್ದಾರೆ. ಒಂದು ಫೋಟೋ ತೆಗೆದುಕೊಡ್ತೀರಾ?"

ಹೋದೆ. ಆಸ್ಪತ್ರೆಯ ಒಂದು ಸಣ್ಣ ಕೋಣೆ, ಒಂದೇ ಕಿಟಕಿ, ಹೊರಗೆ ಜೋರು ಮಳೆ. ಸಿಸ್ಟರ್ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಪ್ಪ ಹಿಡಿದುಕೊಂಡರು. ಬಾಗಿಲ ಹತ್ತಿರ ಅವರ ದೊಡ್ಡಪ್ಪ ನಿಂತು "ಇದೆಲ್ಲ ಎಂತಕ್ಕೆ? ಬೇಗ ಮುಗಿಸಿ" ಅಂತ ಎರಡು ಸಲ ಹೇಳಿದರು. ನನಗೆ 20 ನಿಮಿಷ ಸಿಕ್ಕಿತು. ಕೈ ನಡುಗುತ್ತಿತ್ತು. ಮುಖ, ಕಿವಿ, ಪಾದ, ಅಪ್ಪನ ಹೆಬ್ಬೆರಳಿನ ಮೇಲೆ ಇಟ್ಟ ಕೈ. ಅಷ್ಟೇ. ವಾಪಸ್ ಬರುವಾಗ ಸಂತೆಕಟ್ಟೆಯಲ್ಲಿ ಕಾರು ಬದಿಗೆ ಹಾಕಿ ತುಂಬ ಹೊತ್ತು ಕೂತಿದ್ದೆ.

ಫೋಟೋಗಳನ್ನು ಕಪ್ಪು ಬಿಳುಪು ಮಾಡಿ, ಪ್ರಿಂಟ್ ಹಾಕಿಸಿ, ಕವರಿಗೆ ಅಂಟು ಹಚ್ಚಿ ಗಂಡನ ಕೈಗೆ ಕೊಟ್ಟೆ. ಮೂರು ತಿಂಗಳು ಸುದ್ದಿ ಇಲ್ಲ. ಆಮೇಲೆ ಒಂದು ಸಂಜೆ ಅವರ ಹೆಂಡತಿಯೇ ಫೋನ್ ಮಾಡಿದರು. ಅಳಲಿಲ್ಲ. "ಅಣ್ಣ, ಕಿವಿ ನೋಡಿದ್ರಾ? ನನ್ನ ಅಪ್ಪನದ್ದೇ ಕಿವಿ" ಅಂದರು. ಅರ್ಧ ಗಂಟೆ ಮಗನ ಬಗ್ಗೆ ಮಾತಾಡಿದರು. ಕಂಡೇ ಇಲ್ಲದ ಮಗನ ಬಗ್ಗೆ ಅವರು ಬೇರೆ ಯಾರ ಹತ್ತಿರವೂ ಮಾತಾಡಿರಲಿಲ್ಲ.

ಇದನ್ನು ದುಡ್ಡು ತೆಗೆದುಕೊಳ್ಳದೆ ಸೇವೆಯಾಗಿ ಮಾಡುವವರು ಬೇರೆ ದೇಶಗಳಲ್ಲಿ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಕೊಲರಾಡೋದಲ್ಲಿ 2005ರಲ್ಲಿ ಶೆರಿಲ್ ಹ್ಯಾಗರ್ಡ್ ಅನ್ನುವ ತಾಯಿ ಆರು ದಿನದ ಮಗನನ್ನು ಕಳೆದುಕೊಂಡರು. ಆ ರಾತ್ರಿ ಬಂದು ಫೋಟೋ ತೆಗೆದುಕೊಟ್ಟವರು ಸ್ಯಾಂಡಿ ಪಕ್ ಅನ್ನುವ ಫೋಟೋಗ್ರಾಫರ್. ಇಬ್ಬರೂ ಸೇರಿ "ನೌ ಐ ಲೇ ಮಿ ಡೌನ್ ಟು ಸ್ಲೀಪ್" ಅನ್ನುವ ಸಂಸ್ಥೆ ಕಟ್ಟಿದರು. ಆಸ್ಟ್ರೇಲಿಯಾದಲ್ಲಿ "ಹಾರ್ಟ್‌ಫೆಲ್ಟ್", ಬ್ರಿಟನ್ನಿನಲ್ಲಿ "ರಿಮೆಂಬರ್ ಮೈ ಬೇಬಿ" ಇವೆ. ಆಸ್ಪತ್ರೆಯಿಂದ ಫೋನ್ ಬಂದರೆ ಹತ್ತಿರದ ಫೋಟೋಗ್ರಾಫರ್ ಹೋಗುತ್ತಾರೆ. ಪೈಸೆ ತೆಗೆದುಕೊಳ್ಳುವುದಿಲ್ಲ.

ಕುಂದಾಪುರದಿಂದ ಮಂಗಳೂರಿನವರೆಗೆ ನಾವು ಐದಾರು ಜನ ಸೇರಿದರೆ ಇಲ್ಲಿಯೂ ಮಾಡಬಹುದು ಅನ್ನಿಸುತ್ತದೆ. ನಮ್ಮ ಕಡೆ ಇದು ಸರಿ ಹೋಗುತ್ತದಾ? ಮನಸ್ಸಿಗೆ ಬಂದದ್ದನ್ನು ಹೇಳಿ.

ಕಾಪು ಟೀಚರ್

ನಿಮ್ಮ ಮನಸ್ಸು ಒಳ್ಳೆಯದು. ಆದರೂ ನನಗೆ ಬೇಡ ಅನ್ನಿಸುತ್ತದೆ, ಕ್ಷಮಿಸಿ. ನನ್ನ ಅಕ್ಕನಿಗೆ ಎಂಟನೇ ತಿಂಗಳಲ್ಲಿ ಹೀಗೇ ಆಯಿತು. ಅಮ್ಮ ಅವಳಿಗೆ ಮಗುವನ್ನು ತೋರಿಸಲಿಲ್ಲ. ಮುಖ ನೋಡಿದರೆ ಜೀವನ ಪೂರ್ತಿ ಕಣ್ಣಿಗೆ ಕಟ್ಟುತ್ತದೆ ಅಂತ. ಮನೆಯಲ್ಲಿ ತೊಟ್ಟಿಲು, ಬಟ್ಟೆ, ಎಲ್ಲ ಅವಳು ಬರುವ ಮೊದಲೇ ತೆಗೆದೆವು. ಎರಡು ವರ್ಷದಲ್ಲಿ ಇನ್ನೊಂದು ಮಗು ಆಯಿತು. ಈಗ ಚೆನ್ನಾಗಿದ್ದಾಳೆ. ಫೋಟೋ ಇದ್ದಿದ್ದರೆ ದಿನಾ ತೆಗೆದು ನೋಡಿ ಅಳುತ್ತಿದ್ದಳು, ಅಲ್ವಾ?

ಬಂಟ್ವಾಳದ ಅಮ್ಮ

ಟೀಚರ್, ನಿಮ್ಮ ಅಕ್ಕನ ಜಾಗದಲ್ಲಿ ನಾನಿದ್ದೆ. ಬೇಜಾರು ಮಾಡಬೇಡಿ, ನನ್ನದನ್ನು ಹೇಳುತ್ತೇನೆ.

11 ವರ್ಷ ಆಯಿತು. ಒಂಬತ್ತು ತಿಂಗಳು ತುಂಬಿತ್ತು. ರಾತ್ರಿ ಮಗು ಒದೆಯಲಿಲ್ಲ. ಬೆಳಿಗ್ಗೆ ಸ್ಕ್ಯಾನಿಂಗ್ ಮಾಡಿದವರು ಏನೂ ಮಾತಾಡದೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಹೆರಿಗೆ ಆದ ಮೇಲೆ "ಹೆಣ್ಣು" ಅಂತ ಯಾರೋ ಹೇಳಿದ್ದು ಕೇಳಿಸಿತು. ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ನನ್ನ ಕಾಲ ಬುಡದಿಂದ ಬಾಗಿಲ ಕಡೆ ಹೋಯಿತು. ನಾನು ನೋಡಿದ್ದು ಆ ಬಟ್ಟೆಯನ್ನು ಮಾತ್ರ. ಅತ್ತೆ ಹೊರಗೆ ಮಗುವಿಗೆ ಸ್ನಾನ ಮಾಡಿಸಿದರಂತೆ. ಮೈದುನ ಬೈರಾಸಿನಲ್ಲಿ ಸುತ್ತಿಕೊಂಡು ಹೋದರಂತೆ. ನಾನು ವಾರ್ಡಿನಲ್ಲಿ ಗೋಡೆ ನೋಡಿಕೊಂಡು ಮಲಗಿದ್ದೆ. ಅಕ್ಕಪಕ್ಕದ ಮಂಚಗಳಲ್ಲಿ ಮಕ್ಕಳು ಅಳುತ್ತಿದ್ದವು. ಮೂರನೇ ದಿನ ನನಗೆ ಹಾಲು ಬಂತು.

ಎಲ್ಲರೂ ಒಂದೇ ಮಾತು ಹೇಳಿದರು. "ಚಿಂತೆ ಮಾಡ್ಬೇಡ, ಇನ್ನೊಂದು ಆಗ್ತದೆ." ಆಯಿತು, ಎರಡು ಮಕ್ಕಳಾದವು. ಅವುಗಳ ಮುಖದಲ್ಲಿ ನಾನು ಅವಳನ್ನು ಹುಡುಕುತ್ತೇನೆ. ಮಗಳು ನಿದ್ದೆ ಮಾಡುವಾಗ ನೋಡುತ್ತೇನೆ, ಅವಳದ್ದೂ ಇದೇ ಹುಬ್ಬು ಇತ್ತಾ ಅಂತ.

ನನ್ನ ಹತ್ತಿರ ಇರುವುದು ಆಸ್ಪತ್ರೆಯ ಟ್ಯಾಗ್ ಒಂದೇ. ನನ್ನ ಹೆಸರಿನ ಹಿಂದೆ "ಬೇಬಿ ಆಫ್" ಅಂತ ಬರೆದದ್ದು.

9 ವರ್ಷ ಆದ ಮೇಲೆ ಒಂದು ದಿನ ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದಾಗ ಅತ್ತೆಯನ್ನು ಕೇಳಿದೆ. "ಅತ್ತೆ, ಕೂದಲು ಇತ್ತಾ?" ಅವರು ತಲೆ ಎತ್ತಲಿಲ್ಲ. ಯಾರ ಕೂದಲು ಅಂತಲೂ ಕೇಳಲಿಲ್ಲ. "ಇತ್ತು. ತುಂಬ ಇತ್ತು" ಅಂದರು. ಅಂದರೆ ಅವರೂ 9 ವರ್ಷ ಅದನ್ನೇ ಇಟ್ಟುಕೊಂಡಿದ್ದರು.

ತೋರಿಸದಿದ್ದರೆ ಮರೆತುಹೋಗುತ್ತದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ನೋಡಿದವರೆಲ್ಲ ಮರೆಯಬಹುದೋ ಏನೋ. ನೋಡದವಳಿಗೆ ಮರೆಯಲು ಏನು ಇದೆ ಹೇಳಿ?

ಪುತ್ತೂರಿನ ತೋಟದವ

ಅಕ್ಕ, ಓದಿ ಸುಮ್ನೆ ಕೂತೆ.

ನೈಟ್ ಡ್ಯೂಟಿ ಸಿಸ್ಟರ್

ಹೆರಿಗೆ ವಾರ್ಡ್, ಎನ್‌ಐಸಿಯು (ಆಗಷ್ಟೇ ಹುಟ್ಟಿದ ಮಕ್ಕಳ ಐಸಿಯು) ಸೇರಿ ನನಗೆ 19 ವರ್ಷದ ಸರ್ವಿಸ್. ಕೆಲವು ವಿಷಯ ನೇರವಾಗಿ ಹೇಳುತ್ತೇನೆ.

ಫೋಟೋಗ್ರಾಫರ್ ಅಣ್ಣ, ನೀವು ಮಾಡಿದ್ದು ಪುಣ್ಯದ ಕೆಲಸ. ಆದರೆ ಆ ತಾಯಿಯನ್ನು ಯಾರೂ ಕೇಳಿರಲಿಲ್ಲ. ಈ ಸಲ ಒಳ್ಳೆಯದಾಯಿತು. ಇದನ್ನು ಕ್ರಮವಾಗಿ ಮಾಡುವುದಾದರೆ ತಾಯಿಯ ಒಪ್ಪಿಗೆ ಮೊದಲು. ಗಂಡನ ಒಪ್ಪಿಗೆ ಸಾಲದು, ಅತ್ತೆ ಮಾವನ ಒಪ್ಪಿಗೆಯಂತೂ ಸಾಲದೇ ಸಾಲದು. ನಮ್ಮ ಕಡೆ ಈ ನಿರ್ಧಾರವೆಲ್ಲ ಕಾರಿಡಾರಿನಲ್ಲಿ ನಿಂತ ಗಂಡಸರು ಮಾಡುತ್ತಾರೆ. ಮಂಚದ ಮೇಲೆ ಇರುವವಳನ್ನು ಯಾರೂ ಕೇಳುವುದಿಲ್ಲ.

ಟೀಚರ್ ಹೇಳಿದ್ದನ್ನೂ ತಳ್ಳಿಹಾಕಬೇಡಿ. 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂದಿತ್ತು. ಸತ್ತ ಮಗುವನ್ನು ಎತ್ತಿಕೊಂಡ ತಾಯಂದಿರಲ್ಲಿ ಮುಂದಿನ ಬಸಿರಿನ ಹೊತ್ತಿಗೆ ಖಿನ್ನತೆ ಜಾಸ್ತಿ ಕಂಡಿತ್ತು. ಚಿಕ್ಕ ಅಧ್ಯಯನ ಅದು. ಆಮೇಲೆ ಬಂದ ಬೇರೆ ಅಧ್ಯಯನಗಳಲ್ಲಿ, ನೋಡಿದ್ದಕ್ಕೆ ಸಮಾಧಾನ ಇದೆ ಅಂದ ತಾಯಂದಿರು ಬಹಳ ಜನ. ನಾನು ವಾರ್ಡಿನಲ್ಲಿ ಕಂಡದ್ದು ಇಷ್ಟು: ಒತ್ತಾಯ ಮಾಡಿ ತೋರಿಸಿದರೂ ತಪ್ಪು, ಒತ್ತಾಯ ಮಾಡಿ ಮುಚ್ಚಿಟ್ಟರೂ ತಪ್ಪು. ಒಮ್ಮೆ ಕೇಳಬೇಕು. ಬೇಡ ಅಂದರೆ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಮೆತ್ತಗೆ ಕೇಳಬೇಕು. ಮೊದಲ ಸಲ ಬೇಡ ಅಂದು ಎರಡನೇ ಸಲ ಕೈ ಚಾಚಿದವರನ್ನು ನಾನು ಕಂಡಿದ್ದೇನೆ. ಮಗು ಹೇಗೆ ಕಾಣುತ್ತದೆ ಅಂತ ಮೊದಲೇ ಬಾಯಲ್ಲಿ ಹೇಳಿದರೆ ಹೆದರಿಕೆ ಕಡಿಮೆಯಾಗುತ್ತದೆ. ನಿಜದ ಮಗುವಿಗಿಂತ ಮನಸ್ಸಿನಲ್ಲಿ ಕಲ್ಪಿಸಿಕೊಂಡದ್ದೇ ಅವರಿಗೆ ಹೆಚ್ಚು ಭಯ ಕೊಡುತ್ತದೆ.

ಇನ್ನು ಮಗುವಿನ ಮೈ. ಹೊಟ್ಟೆಯೊಳಗೆ ಜೀವ ಹೋಗಿ ಎರಡು ಮೂರು ದಿನ ಆಗಿದ್ದರೆ ಚರ್ಮ ಮುಟ್ಟಿದರೆ ಏಳುತ್ತದೆ. ತುಟಿ ಕಡು ಕೆಂಪಾಗುತ್ತದೆ. ಬಾಯಿ ತೆರೆದಿರುತ್ತದೆ, ಗದ್ದದ ಕೆಳಗೆ ಸಣ್ಣ ಬಟ್ಟೆ ಮಡಚಿ ಇಟ್ಟರೆ ಮುಚ್ಚುತ್ತದೆ. ನೀವು ಮುಟ್ಟಬೇಡಿ. ಎತ್ತುವುದು, ತಿರುಗಿಸುವುದು, ಟೊಪ್ಪಿ ಹಾಕುವುದು, ಎಲ್ಲ ನಮ್ಮ ಕೈಯಿಂದ ಮಾಡಿಸಿ. ಹೊತ್ತು ಕಮ್ಮಿ. ಕೆಲವು ದೇಶಗಳಲ್ಲಿ ಮಗುವಿನ ಕೆಳಗೆ ತಣ್ಣೀರು ಹರಿಯುವ ಹಾಸು ಹಾಕಿದ ತೊಟ್ಟಿಲು ಇರುತ್ತದೆ, ಒಂದೆರಡು ದಿನ ತಾಯಿಯ ಹತ್ತಿರ ಇಡಬಹುದು. ನಾನು ಕೆಲಸ ಮಾಡಿದ ಕಡೆ ಎಸಿ ಕೋಣೆ ಬಿಟ್ಟರೆ ಬೇರೇನಿಲ್ಲ. ನಮ್ಮ ಸೆಖೆಗೆ ಕೆಲವೇ ಗಂಟೆ.

ಮಗುವಿಗೆ ಹೆಸರು ಇಟ್ಟಿದ್ದರೆ ಹೆಸರು ಹಿಡಿದು ಕರೆಯಿರಿ. "ಬಾಡಿ" ಅನ್ನಬೇಡಿ. ಇದು ನನ್ನ ಕೋರಿಕೆ.

ಬಿಜೈ ಕ್ಯಾಮೆರಾ

ನಾನು ಬರುತ್ತೇನೆ. ಮಂಗಳೂರು ಸಿಟಿಯ ಒಳಗೆ ಹಗಲು ರಾತ್ರಿ ಯಾವಾಗ ಬೇಕಾದರೂ.

ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಸಾವಿನ ಫೋಟೋ ಹೊಸತಲ್ಲ. ಪೆಟ್ಟಿಗೆಯ ಸುತ್ತ ಇಡೀ ಕುಟುಂಬ ನಿಂತು ಫೋಟೋ ತೆಗೆಸುವುದು ಅಜ್ಜನ ಕಾಲದಿಂದ ಉಂಟು. ನನ್ನ ಅಪ್ಪನೂ ಇದೇ ಕೆಲಸದವರು. ಬೊಂಬಾಯಿಯಲ್ಲಿ, ಗಲ್ಫ್‌ನಲ್ಲಿ ಇದ್ದ ಮಕ್ಕಳಿಗೆ ಬರಲು ಆಗುತ್ತಿರಲಿಲ್ಲ. ಅಮ್ಮನ ಮುಖವನ್ನು ಅವರಿಗೆ ಕೊನೆಗೆ ತೋರಿಸುತ್ತಿದ್ದದ್ದು ಆ ಫೋಟೋ. ನನಗೆ ಈಗ ಬಂಟ್ವಾಳದ ಅಕ್ಕನದ್ದು ಓದುವಾಗ ಅದೇ ನೆನಪಾಯಿತು. ಗಲ್ಫ್‌ನಲ್ಲಿದ್ದ ಮಗನಿಗೆ ಫೋಟೋ ಕಳಿಸಿದೆವು. ಪಕ್ಕದ ವಾರ್ಡಿನಲ್ಲಿದ್ದ ತಾಯಿಗೆ ಕಳಿಸಲಿಲ್ಲ.

ಕೆಲಸದ ವಿಷಯ ಸ್ವಲ್ಪ. ಫ್ಲ್ಯಾಶ್ ಬೇಡವೇ ಬೇಡ. ಕಿಟಕಿ ಬೆಳಕು ಸಾಕು, ಮಗುವಿನ ತಲೆ ಕಿಟಕಿ ಕಡೆ ಇರಲಿ, ಬೆಳಕು ಹಣೆಯಿಂದ ಗದ್ದಕ್ಕೆ ಇಳಿಯಬೇಕು. ಕೆಳಗಿನಿಂದ ಮೇಲಕ್ಕೆ ಬಿದ್ದರೆ ಮುಖ ಕೆಡುತ್ತದೆ. 50 ಎಂಎಂ ಲೆನ್ಸ್ ಒಂದು, ಬೆರಳು ಪಾದಕ್ಕೆ ಮ್ಯಾಕ್ರೋ ಒಂದು. ಸೈಲೆಂಟ್ ಶಟರ್ ಹಾಕಿಕೊಳ್ಳಿ. ಆ ಕೋಣೆಯಲ್ಲಿ ಕ್ಲಿಕ್ ಸದ್ದು ಬಹಳ ದೊಡ್ಡದಾಗಿ ಕೇಳುತ್ತದೆ. ಆದರೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಸೈಲೆಂಟ್ ಶಟರಿನಲ್ಲಿ ಪಟ್ಟೆ ಪಟ್ಟೆ ಬರುತ್ತದೆ, ಮೊದಲು ಲೈಟ್ ಆರಿಸಿ ನೋಡಿ. ರಾ ಫೈಲ್‌ನಲ್ಲೇ (ಕ್ಯಾಮೆರಾ ಏನೂ ತಿದ್ದದ ಮೂಲ ಫೈಲ್) ತೆಗೆಯಿರಿ. ಕಪ್ಪು ಬಿಳುಪು ಮಾಡುವಾಗ ಕೆಂಪು ಚಾನೆಲ್ ಏರಿಸಿದರೆ ಕೆಂಪು ಕಲೆ ತಿಳಿಯಾಗುತ್ತದೆ, ತುಟಿಯೂ ಸಹಜವಾಗುತ್ತದೆ. ಅದಕ್ಕೇ ಎಲ್ಲರೂ ಕಪ್ಪು ಬಿಳುಪು ಕೊಡುವುದು. ಚಂದ ಕಾಣಲಿ ಅಂತ ಅಲ್ಲ. ತೀರಾ ನುಣುಪು ಮಾಡಬೇಡಿ. ಅದು ಆ ಮಗುವೇ ಆಗಿರಬೇಕು, ಬೊಂಬೆ ಆಗಬಾರದು.

ಮತ್ತೆ ಒಂದು ಫೋಟೋ ಬಿಡಲೇಬೇಡಿ: ತಾಯಿಯ ಕೈ, ಮಗುವಿನ ಕೈ.

ಕಲ್ಯಾಣಪುರದ ಫೋಟೋಗ್ರಾಫರ್

ಅದೊಂದೇ ನನ್ನ ಹತ್ತಿರ ಇಲ್ಲ. ತಾಯಿ ಎರಡು ಕೋಣೆ ಆಚೆ ಮಲಗಿದ್ದರು. ಮಗುವನ್ನು ಅಲ್ಲಿಗೆ ತೆಗೆದುಕೊಂಡು ಹೋಗಲು ಕೇಳಬಹುದಿತ್ತು. ನನಗೆ ಹೊಳೆಯಲಿಲ್ಲ. ಸಿಸ್ಟರ್ ಹೇಳಿದ್ದು ಪೂರ್ತಿ ಸರಿ, ಅವರನ್ನು ಕೇಳಿಯೇ ಮಾಡಬೇಕಿತ್ತು. ಆ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದಾಗ ನನಗೆ ಬಾಯಿ ಬರಲಿಲ್ಲ.

ಉಳ್ಳಾಲದ ಅಬ್ಬ

ಅಸ್ಸಲಾಮು ಅಲೈಕುಂ, ಎಲ್ಲರಿಗೂ. ನಮ್ಮಲ್ಲಿ ನಾಲ್ಕು ತಿಂಗಳು ದಾಟಿದ ಮಗು ಹೋದರೆ ಹೆಸರು ಇಡುತ್ತೇವೆ. ಸ್ನಾನ ಮಾಡಿಸಿ, ಕಫನ್ ಹೊದಿಸಿ ದಫನ್ ಮಾಡುತ್ತೇವೆ. ಆ ಮಗು ನಾಳೆ ತಂದೆ ತಾಯಿಗಾಗಿ ಕಾಯುತ್ತದೆ ಅನ್ನುವುದು ನಮ್ಮ ನಂಬಿಕೆ. ಆದರೆ ಮಯ್ಯತ್‌ನ (ತೀರಿಹೋದವರ) ಫೋಟೋ ಬೇಡ ಅನ್ನುವವರು ನಮ್ಮಲ್ಲಿ ತುಂಬ ಜನ. ನಮ್ಮ ಮಗ ಎನ್‌ಐಸಿಯುವಿನಲ್ಲಿ ನಾಲ್ಕು ದಿನ ಇದ್ದ. ನಾನೂ ತೆಗೆಸಲಿಲ್ಲ, ಅದರ ಬಗ್ಗೆ ಬೇಸರ ಇಲ್ಲ. ನನ್ನ ಹೆಂಡತಿ ಅವನನ್ನು ಎತ್ತಿಕೊಂಡಿದ್ದಳು, ಅದೇ ದೊಡ್ಡದು.

ಒಂದು ಸಲಹೆ. ಬೇಡ ಅನ್ನುವ ಮನೆಯವರಿಗೆ ಪಾದದ ಅಚ್ಚು, ಕೈ ಅಚ್ಚು ಬೇಕಾ ಅಂತ ಕೇಳಿ. ಒಂದು ಇಂಕ್ ಪ್ಯಾಡ್, ದಪ್ಪ ಕಾಗದ ನಿಮ್ಮ ಬ್ಯಾಗಿನಲ್ಲಿ ಇರಲಿ. ಸಂಶಯ ಇದ್ದವರು ಅವರ ಉಸ್ತಾದರನ್ನು ಕೇಳಲಿ. ನೀವು ನಮ್ಮ ಮನೆಗಳನ್ನು ಕೇಳದೇ ಬಿಟ್ಟುಬಿಡಬೇಡಿ. ಕೇಳಿ. ಬೇಡ ಅನ್ನುವುದನ್ನು ನಾವೇ ಹೇಳುತ್ತೇವೆ.

ಪುತ್ತೂರಿನ ತೋಟದವ

ನಮ್ಮ ಕಡೆ ಇದು ಸರಿ ಹೋಗುತ್ತದಾ ಅಂತ ಅಣ್ಣ ಕೇಳಿದ್ದರು. ನಮ್ಮ ತುಳುನಾಡಿನಲ್ಲಿ ಕುಲೆ ಮದಿಮೆ, ಅಂದರೆ ಕುಲೆಗಳ (ಸತ್ತವರ ಆತ್ಮಗಳ) ಮದುವೆ ಉಂಟಲ್ಲ? ಹುಟ್ಟುವಾಗಲೇ ಹೋದ ಮಗುವಿಗೂ ಅದು ಪ್ರಾಯಕ್ಕೆ ಬರುವ ಹೊತ್ತಿಗೆ ಸಂಬಂಧ ಹುಡುಕಿ, ಸೀರೆ ಧೋತಿ ಇಟ್ಟು, ಎಲೆ ಹಾಕಿ ಊಟ ಬಡಿಸಿ ಮದುವೆ ಮಾಡುತ್ತಾರೆ. 2024ರಲ್ಲಿ ನಮ್ಮ ಪುತ್ತೂರು ಕಡೆಯ ಒಂದು ಮನೆಯವರು, 30 ವರ್ಷದ ಹಿಂದೆ ಹೋದ ಮಗಳಿಗೆ ವರ ಬೇಕು ಅಂತ ಪೇಪರಿನಲ್ಲೇ ಹಾಕಿದ್ದರು. ಹೊರಗಿನವರು ಅದನ್ನು ವಿಚಿತ್ರ ಅಂದರು. ನನಗೆ ಹಾಗೆ ಕಾಣಲಿಲ್ಲ. 30 ವರ್ಷ ಆ ಮನೆಯಲ್ಲಿ ಯಾರೋ ಅವಳ ಪ್ರಾಯ ಲೆಕ್ಕ ಹಾಕುತ್ತಾ ಇದ್ದರು.

ಆಟಿಯಲ್ಲಿ ಕುಲೆಗಳಿಗೆ ಬಡಿಸುವಾಗ ನನ್ನ ಅಜ್ಜಿ ಒಂದು ಸಣ್ಣ ಎಲೆ ಬೇರೆಯೇ ಇಡುತ್ತಿದ್ದರು. ಯಾರಿಗೆ ಅಂತ ನಾವು ಮಕ್ಕಳು ಕೇಳಿದರೆ "ನಿನ್ನ ಮಾವ" ಅನ್ನುತ್ತಿದ್ದರು. ಅವರ ಮೊದಲ ಮಗು, ಮೂರೇ ದಿನ ಇದ್ದದ್ದು. ನಮ್ಮ ಹಿರಿಯರು ಸತ್ತ ಮಗುವನ್ನು ಮರೆಯಿರಿ ಅಂತ ಎಲ್ಲಿ ಹೇಳಿದ್ದಾರೆ? ಎಲೆ ಹಾಕಿ ಅಂತಲ್ಲವಾ ಹೇಳಿದ್ದು?

ಬೈಂದೂರು ಕ್ಲರ್ಕ್

ಈ ವಿಷಯಕ್ಕೆ ಸ್ವಲ್ಪ ಹೊರಗಿನದ್ದು, ಆದರೂ ಉಪಯೋಗ ಆಗಬಹುದು. 28 ವಾರ ದಾಟಿದ ಮಗು ಜೀವವಿಲ್ಲದೆ ಹುಟ್ಟಿದರೂ ಅದನ್ನು ನೋಂದಣಿ ಮಾಡಿಸಬೇಕು. ಆಸ್ಪತ್ರೆಯಲ್ಲಿ ಆದರೆ ಅವರೇ ವರದಿ ಕಳಿಸುತ್ತಾರೆ, ಕಳಿಸಿದ್ದಾರಾ ಅಂತ ಕೇಳಿಕೊಳ್ಳಿ. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಇಂಥ ಸಂದರ್ಭದಲ್ಲಿ 60 ದಿನ ವಿಶೇಷ ಹೆರಿಗೆ ರಜೆ ಉಂಟು, 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂದಿದೆ. ಎಷ್ಟೋ ಜನ ಗೊತ್ತಿಲ್ಲದೆ ಹದಿನೈದೇ ದಿನಕ್ಕೆ ಕೆಲಸಕ್ಕೆ ಬಂದು ಕೂರುತ್ತಾರೆ. ನನ್ನ ಪಕ್ಕದ ಮೇಜಿನವರು ಹಾಗೆ ಬಂದಿದ್ದರು.

ಕಾಪು ಟೀಚರ್

ನಿನ್ನೆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಈ ಮಾತುಗಳನ್ನೆಲ್ಲ ಓದಿ ಹೇಳಿದೆ. ಅವಳು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನನಗೆ ಫೋಟೋ ಬೇಕಿತ್ತಾ ಇಲ್ಲವಾ ಗೊತ್ತಿಲ್ಲ. ಆದರೆ ತೊಟ್ಟಿಲು ನೀವು ತೆಗೀಬಾರದಿತ್ತು, ನಾನು ತೆಗೀಬೇಕಿತ್ತು" ಅಂದಳು. ಆ ತೊಟ್ಟಿಲು ಬಿಚ್ಚಿದ್ದು ನಾನೇ.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಅಂತ ಹೇಳುವುದಿಲ್ಲ. ಒಂದು ಪ್ರಶ್ನೆ. ಆ ದಿನ ಬೇಡ ಅಂದವಳು ವರ್ಷ ಕಳೆದು ಬೇಕು ಅಂದರೆ ಏನು ಮಾಡುತ್ತೀರಿ?

ನೈಟ್ ಡ್ಯೂಟಿ ಸಿಸ್ಟರ್

ಟೀಚರ್, ಅದೇ ಕಷ್ಟದ ಪ್ರಶ್ನೆ. "ಈಗ ನೋಡಬೇಕಾಗಿಲ್ಲ. ತೆಗೆದು ಮುಚ್ಚಿಡುತ್ತೇವೆ. ನೀವು ಕೇಳಿದ ದಿನ ಕೊಡುತ್ತೇವೆ. ಕೇಳದಿದ್ದರೆ ಕೊಡುವುದಿಲ್ಲ" ಅಂತ ತಾಯಿಗೆ ಬಿಡಿಸಿ ಹೇಳಬೇಕು. ಅದಕ್ಕೂ ಬೇಡ ಅಂದರೆ ತೆಗೆಯಬಾರದು. ಕದ್ದು ತೆಗೆಯುವುದು ಬೇಡ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಆದರೂ.

ಬಿಜೈ ಕ್ಯಾಮೆರಾ

ಒಪ್ಪಿದೆ. ಒಪ್ಪಿಗೆ ಕಾಗದದಲ್ಲಿ ಬರೆಸಿಕೊಳ್ಳೋಣ, ಕನ್ನಡದಲ್ಲಿ, ಓದಿ ಹೇಳಿ. ಆಸ್ಪತ್ರೆಯ ಅನುಮತಿ ಬೇರೆ ಬೇಕು. ಫೋಟೋ ವಾಟ್ಸಾಪಿನಲ್ಲಿ ಕಳಿಸುವುದು ಬೇಡ. ಒಂದು ಫ್ಯಾಮಿಲಿ ಗ್ರೂಪಿಗೆ ಬಿದ್ದರೆ ಸಂಜೆಯೊಳಗೆ ಊರೆಲ್ಲ ಇರುತ್ತದೆ. ಪ್ರಿಂಟ್ ಮತ್ತು ಪೆನ್‌ಡ್ರೈವ್, ತಾಯಿಯ ಕೈಗೆ. ನಮ್ಮ ಸ್ಟುಡಿಯೋ ಪೇಜಿನಲ್ಲಿ ಯಾವತ್ತೂ ಹಾಕಬಾರದು, ಹೆಸರು ಮರೆಮಾಡಿ ಕೂಡ.

ಹೊಸ ಕ್ಯಾಮೆರಾ, ಮಣಿಪಾಲ

ನನಗೆ ಆ ಕೋಣೆಯಲ್ಲಿ ನಿಲ್ಲುವ ಧೈರ್ಯ ಇಲ್ಲ, ಸತ್ಯ ಹೇಳುತ್ತೇನೆ. ಎಡಿಟಿಂಗ್ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಕೂತು ಅದನ್ನು ಮಾಡಿಕೊಡಬಹುದಾ?

ಕಲ್ಯಾಣಪುರದ ಫೋಟೋಗ್ರಾಫರ್

ಖಂಡಿತ. ಅಮೆರಿಕದ ಆ ಸಂಸ್ಥೆಯಲ್ಲೂ ಬರೀ ಎಡಿಟಿಂಗ್ ಸೇವೆ ಮಾಡುವವರು ಬೇರೆಯೇ ಇದ್ದಾರೆ. ಆಸ್ಪತ್ರೆಯಲ್ಲಿ ಮನೆಯವರು ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ ಇದ್ದರೆ ಅದನ್ನೂ ಸರಿ ಮಾಡಿಕೊಡಬಹುದು. ಒಂದು ವಿಷಯ ಮಾತ್ರ. ಎಡಿಟ್ ಮಾಡುವಾಗ ಆ ಮುಖವನ್ನು ನೀವು ನನಗಿಂತ ಜಾಸ್ತಿ ಹೊತ್ತು, ದೊಡ್ಡದು ಮಾಡಿ ನೋಡಬೇಕಾಗುತ್ತದೆ. ರಾತ್ರಿ ಒಬ್ಬರೇ ಕೂತು ಮಾಡಬೇಡಿ. ಕಷ್ಟ ಅನ್ನಿಸಿದರೆ ಅರ್ಧಕ್ಕೆ ಬಿಟ್ಟು ಫೋನ್ ಮಾಡಿ.

ಬರುವ ತಿಂಗಳು ಉಡುಪಿಯಲ್ಲಿ ಒಮ್ಮೆ ಕೂತು ಮಾತಾಡೋಣ. ಸಿಸ್ಟರ್, ನೀವು ಬಂದು ಮಗುವನ್ನು ಹೇಗೆ ಹಿಡಿಯುತ್ತಾರೆ, ತಾಯಿಯ ಹತ್ತಿರ ಹೇಗೆ ಮಾತಾಡಬೇಕು ಅಂತ ನಮಗೆ ಒಂದು ದಿನ ಹೇಳಿಕೊಡಬೇಕು. ಕ್ಯಾಮೆರಾ ನಮಗೆ ಗೊತ್ತುಂಟು. ಉಳಿದದ್ದು ಗೊತ್ತಿಲ್ಲ.

ಬಂಟ್ವಾಳದ ಅಮ್ಮ

ಫೋಟೋಗ್ರಾಫರ್ ಅಣ್ಣ, ನನ್ನದು ಒಂದು ಕೇಳಿಕೆ. ಆಗದಿದ್ದರೆ ಆಗದು ಅನ್ನಿ, ಬೇಜಾರಿಲ್ಲ.

ನನ್ನ ಹತ್ತಿರ ಇರುವ ಆ ಟ್ಯಾಗ್‌ನ ಶಾಯಿ ಹೋಗುತ್ತಾ ಬಂದಿದೆ. ನನ್ನ ಹೆಸರು ಅರ್ಧ ಕಾಣುತ್ತದೆ. ತಾರೀಕು ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಪೂರ್ತಿ ಅಳಿಸುವ ಮೊದಲು ಅದರದ್ದೊಂದು ಫೋಟೋ ತೆಗೆದುಕೊಡುತ್ತೀರಾ? ಮೊಬೈಲಿನಲ್ಲಿ ಮಗ ತೆಗೆದ, ಬರೀ ಪ್ಲಾಸ್ಟಿಕ್ ಹೊಳೆಯುತ್ತದೆ, ಅಕ್ಷರ ಬರುವುದಿಲ್ಲ.

ಕಲ್ಯಾಣಪುರದ ಫೋಟೋಗ್ರಾಫರ್

ಬರುತ್ತೇನೆ ಅಕ್ಕ. ಈ ಆದಿತ್ಯವಾರ ಬೆಳಿಗ್ಗೆಯೇ ಬರುತ್ತೇನೆ. ಬದಿಯಿಂದ ಬೆಳಕು ಬಿದ್ದರೆ ಹೊಳೆಯುವುದು ಹೋಗುತ್ತದೆ, ಪೆನ್ನು ಒತ್ತಿದ ಗೆರೆಯಾದರೂ ಕಾಣುತ್ತದೆ. ಅಲ್ಲಿಯವರೆಗೆ ಒರೆಸಬೇಡಿ, ತೊಳೆಯಬೇಡಿ, ಬಿಸಿಲಿಗೆ ಹಿಡಿಯಬೇಡಿ. ಒಂದು ಕಾಗದದಲ್ಲಿ ಮಡಚಿ ಇಡಿ. ನಿಮ್ಮ ಮನೆಯಲ್ಲಿ ಪೂರ್ವಕ್ಕೆ ಕಿಟಕಿ ಉಂಟಾ?

ಬಂಟ್ವಾಳದ ಅಮ್ಮ

ಉಂಟು, ಅತ್ತೆಯ ಕೋಣೆಯಲ್ಲಿ. ಅವರಿಗೆ ಹೇಳಿದೆ, ಬರಲಿ ಅಂದರು. ಅಣ್ಣ, ಟ್ಯಾಗನ್ನು ಮೇಜಿನ ಮೇಲೆ ಇಟ್ಟು ತೆಗೆಯುವುದು ಬೇಡ. ಅತ್ತೆಯ ಅಂಗೈಯಲ್ಲಿ ಇಟ್ಟು ತೆಗೆಯಿರಿ. ಅವಳಿಗೆ ಸ್ನಾನ ಮಾಡಿಸಿದ ಕೈ ಅದು.